ಬಳೆ-ಕುಪ್ಪಸಕ್ಕೆ ಬಂದ ಬೆಂಗಳೂರು

ಆರ್.ಟಿ. ನಗರದಿಂದ ಮೇಖ್ರಿ ಸರ್ಕಲ್ ದಾಟಿ ಸದಾಶಿವನಗರದ ಕಡೆ ಓಡಾಡುವ ನಮಗೆ ಅಲ್ಲಿನ ಶಿವಾಜಿ ಪ್ರತಿಮೆ ಹೊಸದೇನಲ್ಲ. 2021ರ ಡಿಸೆಂಬರ್‌ನಲ್ಲಿ ಯಾರೋ ಅದಕ್ಕೆ ಮಸಿ ಬಳಿದರು. ಅದರ ಬೆನ್ನಿಗೇ ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಿದರು. ಕನ್ನಡದವರು ಯಾರು, ಮರಾಠಿಯವರು ಯಾರು ಎಂಬ ಗದ್ದಲ ಎದ್ದಾಗ ನಾವು ಮುಸಲ್ಮಾನರು ದೂರ ನಿಂತು ನೋಡಿದೆವು. ನಿಜ ಹೇಳಬೇಕೆಂದರೆ, ಶಿವಾಜಿಯ ಹೆಸರು ಬಂದಾಗ ದೂರ ನಿಲ್ಲುವುದು ನಮಗೆ ಅಭ್ಯಾಸವಾಗಿ ಹೋಗಿದೆ. ಶಾಲೆಯಲ್ಲಿ ಅಫ್ಜಲ್‌ಖಾನನ ಪಾಠ ಬಂದ ದಿನ ತರಗತಿಯ ಕಣ್ಣುಗಳೆಲ್ಲ ನಮ್ಮ ಬೆಂಚಿನ ಕಡೆ ತಿರುಗುತ್ತಿದ್ದುದನ್ನು ನಾವು ಮರೆತಿಲ್ಲ.

ಆದರೆ ಆ ಪ್ರತಿಮೆಯಿಂದ ಹೆಚ್ಚು ದೂರವಿಲ್ಲದ ಮಲ್ಲೇಶ್ವರದಲ್ಲಿ, ಬಂಡೆಯ ಮೇಲೆ ಕೆತ್ತಿದ ಒಂದು ಕನ್ನಡ ಶಾಸನವಿದೆ. ಅದು 1669ನೇ ಇಸವಿಯದು. ಬೆಂಗಳೂರನ್ನು ಆಳುತ್ತಿದ್ದ ಏಕೋಜಿಯು ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ಬಿಟ್ಟುಕೊಟ್ಟ ದಾಖಲೆ ಅದು. ಮಲ್ಲಾಪುರವೇ ಇಂದಿನ ಮಲ್ಲೇಶ್ವರ. ಮೇದರನಿಂಗನಹಳ್ಳಿ ಇದ್ದದ್ದು ಯಶವಂತಪುರದ ದಾರಿಯಲ್ಲಿ, ಈಗ ಟಾಟಾ ಇನ್‌ಸ್ಟಿಟ್ಯೂಟ್ ಇರುವ ಕಡೆ. ಈ ಏಕೋಜಿ ಶಿವಾಜಿಯ ಮಲತಾಯಿಯ ಮಗ. ಇಬ್ಬರ ತಂದೆಯೂ ಶಾಹಜಿ ಭೋಂಸ್ಲೆ. ನಾವು ದೂರ ನಿಂತು ನೋಡುವ ಈ ಮನೆತನ ಸುಮಾರು ಐವತ್ತು ವರ್ಷ ನಮ್ಮ ಊರಿನದೇ ಆಗಿತ್ತು. ಅದರ ಸಂಬಂಧಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ನಮಗೆ ಶಾಲೆಯಲ್ಲಿ ಹೇಳಿಕೊಟ್ಟ ಎರಡು ಪಕ್ಷಗಳ ಲೆಕ್ಕ ಎಲ್ಲಿಯೂ ತಾಳೆಯಾಗುವುದಿಲ್ಲ.

ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. ಶಾಹಜಿಯ ತಂದೆ ಮಾಲೋಜಿ ಅಹ್ಮದ್‌ನಗರದ ನಿಜಾಮಶಾಹಿಯ ಸರದಾರ. ಬಹುಕಾಲ ಮಕ್ಕಳಾಗದೆ, ಅಹ್ಮದ್‌ನಗರದ ಪೀರ್ ಷಾ ಶರೀಫರ ದರ್ಗಾದಲ್ಲಿ ಹರಕೆ ಹೊತ್ತ ಮೇಲೆ ಅವನಿಗೆ ಇಬ್ಬರು ಗಂಡುಮಕ್ಕಳಾದರು ಎಂದು ಆ ಮನೆತನದ ಕಥನಗಳೇ ಹೇಳುತ್ತವೆ. ಪೀರರ ಹೆಸರನ್ನು ಎರಡು ಭಾಗ ಮಾಡಿ ಹಿರಿಯವನಿಗೆ ಶಾಹಜಿ ಎಂದೂ ಕಿರಿಯವನಿಗೆ ಶರೀಫಜಿ ಎಂದೂ ಇಟ್ಟರು. 2024ರಲ್ಲಿ ಅಹ್ಮದ್‌ನಗರದ ಹೆಸರು ಅಹಿಲ್ಯಾನಗರವೆಂದು ಬದಲಾಯಿತು. ಊರಿನ ಹೆಸರು ಬದಲಿಸುವುದು ಸರ್ಕಾರದ ಕೈಯಲ್ಲಿದೆ. ಆದರೆ ಶಿವಾಜಿ ತನ್ನ ಹೆಸರಿನ ಮುಂದೆ ಹೇಳಿಕೊಳ್ಳುತ್ತಿದ್ದ ತಂದೆಯ ಹೆಸರಿನಲ್ಲಿ ಆ ಪೀರರು ಇಂದಿಗೂ ಕುಳಿತಿದ್ದಾರೆ.

ಇನ್ನು ಕುಲದ ಮಾತು. ಶಾಹಜಿ ತನ್ನನ್ನು ರಜಪೂತನೆಂದು ಕರೆದುಕೊಂಡವನು. ಬಿಜಾಪುರದ ಅಲಿ ಆದಿಲ್‌ಷಾಗೆ ಬರೆದ ಒಂದು ಪತ್ರದಲ್ಲಿ, ತಾನು ರಜಪೂತನೆಂದೂ ಅವಮಾನ ನುಂಗಿಕೊಂಡು ಚಾಕರಿ ಮಾಡುವವನಲ್ಲವೆಂದೂ ಅವನು ಖಡಾಖಂಡಿತವಾಗಿ ಹೇಳಿದ್ದಾನೆ. ಅವನ ಆಸ್ಥಾನದಲ್ಲಿದ್ದ ಜಯರಾಮ ಪಿಂಡ್ಯೆ ಎಂಬ ಕವಿ ರಚಿಸಿದ 'ರಾಧಾಮಾಧವವಿಲಾಸ ಚಂಪೂ' ಕಾವ್ಯವೂ ಈ ವಂಶವನ್ನು ಮೇವಾಡದ ಸಿಸೋದಿಯಾ ರಾಣಾಗಳಿಗೆ ಜೋಡಿಸುತ್ತದೆ. ಆ ಕಾವ್ಯದಲ್ಲಿ ಸಂಸ್ಕೃತದ ಜೊತೆ ಹಲವು ದೇಶಭಾಷೆಗಳ ಪದ್ಯಗಳಿವೆ. ಬೆಂಗಳೂರಿನ ದರಬಾರಿನಲ್ಲಿ ಎಷ್ಟು ಭಾಷೆಗಳು ಓಡಾಡುತ್ತಿದ್ದವೆಂಬುದಕ್ಕೆ ಅದೇ ಸಾಕ್ಷಿ. 1674ರ ಜೂನ್‌ನಲ್ಲಿ ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕವಾದಾಗ ಕಾಶಿಯ ಗಾಗಾಭಟ್ಟ ಇದೇ ಸಿಸೋದಿಯಾ ವಂಶಾವಳಿಯನ್ನು ಆಧಾರವಾಗಿಟ್ಟುಕೊಂಡು ಅವನನ್ನು ಕ್ಷತ್ರಿಯನೆಂದು ಒಪ್ಪಿದ. ಈ ವಂಶಾವಳಿ ಎಷ್ಟು ನಿಜ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ನಮ್ಮಲ್ಲಿಯೂ ನಾಲ್ಕು ಕಾಸು ಕೂಡಿದ ಮೇಲೆ ಸಯ್ಯದ್, ಪಠಾಣ್ ಎಂದು ಹೆಸರಿನ ಹಿಂದೆ-ಮುಂದೆ ಸೇರಿಸಿಕೊಂಡವರು ಇಲ್ಲವೇ? ಆದ್ದರಿಂದ ಅದನ್ನು ಕೆದಕುವ ಅಧಿಕಾರ ನಮಗಿಲ್ಲ. ರಕ್ತದ ಈ ಹೆಮ್ಮೆ ಕಷ್ಟಕಾಲದಲ್ಲಿ ಎಷ್ಟು ಉಪಯೋಗಕ್ಕೆ ಬಂತು ಎಂಬುದಷ್ಟೇ ನಾವು ಕೇಳಬೇಕಾದ ಪ್ರಶ್ನೆ.

1624ರಲ್ಲಿ ಅಹ್ಮದ್‌ನಗರದ ಹತ್ತಿರ ಭಾತವಡಿಯಲ್ಲಿ ಯುದ್ಧ ನಡೆಯಿತು. ಒಂದು ಕಡೆ ಮೊಗಲರು ಮತ್ತು ಬಿಜಾಪುರದವರು. ಇನ್ನೊಂದು ಕಡೆ ನಿಜಾಮಶಾಹಿಯ ಹಬಶಿ ಸೇನಾನಿ ಮಲಿಕ್ ಅಂಬರ್. ಶಾಹಜಿ, ಶರೀಫಜಿ ಇಬ್ಬರೂ ಮಲಿಕ್ ಅಂಬರ್‌ನ ಪಕ್ಷದಲ್ಲಿ ಕಾದಾಡಿದರು. ಪೀರರ ಅರ್ಧ ಹೆಸರು ಹೊತ್ತ ಶರೀಫಜಿ ಆ ಕಾಳಗದಲ್ಲಿ ಸತ್ತ. ಶಾಹಜಿಯ ಮಾವ, ಅಂದರೆ ಜೀಜಾಬಾಯಿಯ ತಂದೆ ಲಖೂಜಿ ಜಾಧವ, ಆ ಹೊತ್ತಿಗೆ ಮೊಗಲರ ಕಡೆ ಸೇರಿದ್ದ. ದೇವಗಿರಿಯ ಯಾದವರ ಕುಲ ಹೇಳಿಕೊಳ್ಳುತ್ತಿದ್ದ ಆ ಲಖೂಜಿಯನ್ನು 1629ರಲ್ಲಿ ದೌಲತಾಬಾದಿನ ನಿಜಾಮಶಾಹಿ ದರಬಾರಿನಲ್ಲೇ ಕೊಂದುಹಾಕಿದರು. ಮರುವರ್ಷ ಶಿವನೇರಿಯ ಕೋಟೆಯಲ್ಲಿ ಜೀಜಾಬಾಯಿ ಶಿವಾಜಿಯನ್ನು ಹೆತ್ತಳು. ಗಂಡ ಒಂದು ಕಡೆ, ತವರು ಇನ್ನೊಂದು ಕಡೆ ನಿಂತ ಆ ಹೆಣ್ಣುಮಗಳ ಸಂಕಟವನ್ನು ಯಾವ ಬಖರೂ ಪೂರ್ತಿ ಬರೆದಿಲ್ಲ.

1636ರಲ್ಲಿ ನಿಜಾಮಶಾಹಿ ಮುಗಿಯಿತು. ಶಾಹಜಿ ಬಿಜಾಪುರದ ಆದಿಲಶಾಹಿಯ ಚಾಕರಿಗೆ ಸೇರಿ, ರಣದುಲ್ಲಾಖಾನನ ಜೊತೆ ಕರ್ನಾಟಕದ ದಂಡಯಾತ್ರೆಗೆ ಬಂದ. ನಮ್ಮ ಉತ್ತರ ಬೆಂಗಳೂರಿಗೆ ಈ ಕಥೆ ಪ್ರವೇಶಿಸುವುದು ಇಲ್ಲಿಂದ. ಯಲಹಂಕದ ನಾಡಪ್ರಭುಗಳು ಆಗ ಬೆಂಗಳೂರಿನ ಒಡೆಯರು. ಒಂದು ಶತಮಾನದ ಹಿಂದೆ ಕೆಂಪೇಗೌಡ ಕಟ್ಟಿಸಿದ ಪೇಟೆಯನ್ನು 1638ರಲ್ಲಿ ಬಿಜಾಪುರದ ಸೈನ್ಯ ಗೆದ್ದುಕೊಂಡಿತು. ಯಲಹಂಕದ ಪ್ರಭುಗಳು ಮಾಗಡಿಗೆ ಸರಿದರು. ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರದ ಸೀಮೆ ಶಾಹಜಿಗೆ ಜಹಗೀರಾಗಿ ಬಂತು. ಗೆದ್ದ ಸೈನ್ಯದಲ್ಲಿ ಖಾನರೂ ಇದ್ದರು, ಮರಾಠಾ ಸರದಾರರೂ ಇದ್ದರು. ಸೋತ ಪ್ರಭುಗಳ ಊರಿನಲ್ಲಿ ಕನ್ನಡದ ರೈತರೂ ನೇಕಾರರೂ ಇದ್ದರು. ಪೇಟೆಯ ಮನೆಗಳಲ್ಲಿ ಅಂದು ಎದ್ದ ಗೋಳಿಗೆ ಗೆದ್ದವರ ಜಾತಿ ಯಾವುದಾದರೇನು?

1640ರ ನಂತರದ ಒಂದೆರಡು ವರ್ಷ ಜೀಜಾಬಾಯಿ ಮತ್ತು ಬಾಲಕ ಶಿವಾಜಿ ಬೆಂಗಳೂರಿನಲ್ಲಿದ್ದರು. ಹಿರಿಯ ಮಗ ಸಂಭಾಜಿ ತಂದೆಯ ಬಳಿಯೇ ಇದ್ದ. ಎರಡನೆಯ ಹೆಂಡತಿ ತುಕಾಬಾಯಿ ಮೋಹಿತೆ ಮತ್ತು ಅವಳ ಮಗ ಏಕೋಜಿಯೂ ಇಲ್ಲೇ. ನಂತರ ಶಾಹಜಿ ಮನೆಯನ್ನು ಎರಡು ಮಾಡಿದ. ಪುಣೆಯ ಜಹಗೀರು ನೋಡಿಕೊಳ್ಳಲು ಜೀಜಾಬಾಯಿ ಮತ್ತು ಶಿವಾಜಿಯನ್ನು ದಾದೋಜಿ ಕೊಂಡದೇವನ ಮೇಲ್ವಿಚಾರಣೆಯಲ್ಲಿ ಕಳಿಸಿದ. ಸಂಭಾಜಿ, ಏಕೋಜಿ ಇಲ್ಲೇ ಉಳಿದರು. ಇಬ್ಬರು ಹೆಂಡಿರ ಮನೆಗಳಲ್ಲಿ ಬೆಳೆದ ನಮ್ಮ ಓದುಗರಲ್ಲಿ ಕೆಲವರಿಗೆ ಈ ಏರ್ಪಾಡಿನ ಅರ್ಥ ವಿವರಿಸಬೇಕಾಗಿಲ್ಲ. ತಂದೆ ಯಾವ ಮನೆಯಲ್ಲಿ ಊಟಕ್ಕೆ ಕೂರುತ್ತಾನೋ ಆ ಮನೆಯ ಮಕ್ಕಳಿಗೆ ಒಂದು ತುತ್ತು ಹೆಚ್ಚು ಎಂಬ ಅನುಮಾನ ಇನ್ನೊಂದು ಮನೆಯಲ್ಲಿ ಉಳಿದೇ ಉಳಿಯುತ್ತದೆ.

1648ರಲ್ಲಿ ಬಿಜಾಪುರದ ಸೇನಾಪತಿ ಮುಸ್ತಫಾಖಾನ್ ಜಿಂಜಿಯ ಹತ್ತಿರ ಶಾಹಜಿಯನ್ನು ಸೆರೆಹಿಡಿಸಿದ. ಶಿಬಿರಕ್ಕೆ ನುಗ್ಗಿ ಹಿಡಿದವನು ಮುಧೋಳದ ಬಾಜಿ ಘೋರ್ಪಡೆ. ಮುಧೋಳದ ಘೋರ್ಪಡೆಗಳೂ ಚಿತ್ತೂರಿನ ಸಿಸೋದಿಯಾ ಮೂಲವನ್ನೇ ಹೇಳಿಕೊಳ್ಳುವವರು, ಭೋಂಸ್ಲೆಗಳಿಗೆ ದಾಯಾದಿಗಳು. ರಜಪೂತ ರಕ್ತ ರಜಪೂತ ರಕ್ತಕ್ಕೆ ಬೇಡಿ ತೊಡಿಸಿತು. ಮರುವರ್ಷ ಬಿಡುಗಡೆಗೆ ಸುಲ್ತಾನನ ಕಡೆಯಿಂದ ಬಂದ ಷರತ್ತು ಕೋಟೆಗಳದು: ಶಿವಾಜಿ ಕೊಂಡಾಣ ಬಿಡಬೇಕು, ಸಂಭಾಜಿ ಬೆಂಗಳೂರು ಬಿಡಬೇಕು. ತಂದೆಯ ಪ್ರಾಣಕ್ಕಾಗಿ ಶಿವಾಜಿ ಕೊಂಡಾಣವನ್ನು ಬಿಟ್ಟುಕೊಟ್ಟ. ಕೆಲವು ವರ್ಷಗಳ ನಂತರ ಸಂಭಾಜಿ, ಇಂದಿನ ಕೊಪ್ಪಳ ಜಿಲ್ಲೆಯ ಕನಕಗಿರಿಯ ಮುತ್ತಿಗೆಯಲ್ಲಿ, ಬಿಜಾಪುರದ ಪರವಾಗಿ ಹೋರಾಡುತ್ತಲೇ ಮಡಿದ. 1664ರ ಜನವರಿಯಲ್ಲಿ ಚನ್ನಗಿರಿ ಬಳಿಯ ಹೊದಿಗೆರೆಯಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಶಾಹಜಿಯೂ ತೀರಿಕೊಂಡ. ಅವನ ಸಮಾಧಿ ಅಲ್ಲೇ, ಕನ್ನಡದ ಮಣ್ಣಿನಲ್ಲಿದೆ. ಮರುವರ್ಷ ಶಿವಾಜಿಯನ್ನು ಬಗ್ಗಿಸಲು ಔರಂಗಜೇಬ ಕಳಿಸಿದ್ದು ಯಾರನ್ನು? ಅಂಬೇರಿನ ರಜಪೂತ ರಾಜ ಜಯಸಿಂಹನನ್ನು. ಪುರಂದರದ ಒಪ್ಪಂದದಲ್ಲಿ ಶಿವಾಜಿಯ ಕೋಟೆಗಳನ್ನು ಬಿಡಿಸಿಕೊಂಡವನು ಅವನೇ.

ಬೆಂಗಳೂರು ಏಕೋಜಿಗೆ ಉಳಿಯಿತು. ಅವನು ಬಿಜಾಪುರದ ಸರದಾರನಾಗಿಯೇ ಹೋಗಿ, 1675-76ರ ಸುಮಾರಿಗೆ ತಂಜಾವೂರನ್ನು ಹಿಡಿದು ಅಲ್ಲಿ ರಾಜನಾದ. 1677ರಲ್ಲಿ ಶಿವಾಜಿ ದಕ್ಷಿಣಕ್ಕೆ ಬಂದ. ಬರುವಾಗ ಗೋಲ್ಕೊಂಡಕ್ಕೆ ಹೋಗಿ ಕುತುಬ್‌ಷಾ ಅಬುಲ್ ಹಸನ್ ತಾನಾಷಾನೊಂದಿಗೆ ಒಪ್ಪಂದ ಮಾಡಿಕೊಂಡು ಅವನ ನೆರವು ಪಡೆದೇ ಬಂದ. ಅಣ್ಣತಮ್ಮಂದಿರ ಭೇಟಿ ಕೊಳ್ಳಿಡಂ ನದಿಯ ದಡದ ತಿರುಮಳವಾಡಿಯಲ್ಲಾಯಿತು. ಅಪ್ಪನ ಆಸ್ತಿಯಲ್ಲಿ ಅರ್ಧ ತನಗೆ ಬರಬೇಕೆಂದು ಶಿವಾಜಿ ಕೇಳಿದ. ಏಕೋಜಿ ರಾತ್ರೋರಾತ್ರಿ ಅಲ್ಲಿಂದ ತಂಜಾವೂರಿಗೆ ಓಡಿದ. ನವೆಂಬರ್‌ನಲ್ಲಿ ಏಕೋಜಿಗೂ, ಶಿವಾಜಿಯ ಪಕ್ಷ ಸೇರಿದ್ದ ಇನ್ನೊಬ್ಬ ಮಲಸಹೋದರ ಸಂತಾಜಿಗೂ ಯುದ್ಧವಾಗಿ ಏಕೋಜಿ ಸೋತ. ಆಮೇಲೆ ಶಿವಾಜಿ ತಮ್ಮನಿಗೆ ಬರೆದ ಪತ್ರದಲ್ಲಿ, ತುರುಕರನ್ನು ನಂಬಿ ಕೆಟ್ಟೆ ಎಂಬ ಗದರಿಕೆಯೂ ಇದೆ. ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೆ ಆ ಪತ್ರ ಬರೆದವನು ತುರುಕರ ಗೋಲ್ಕೊಂಡದ ಸಹಾಯದಿಂದಲೇ ಬಂದಿದ್ದ ಎಂಬುದನ್ನೂ ಮುಚ್ಚಿಡುವಂತಿಲ್ಲ. ಆಸ್ತಿಯ ಜಗಳದಲ್ಲಿ ಧರ್ಮದ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಎಂಬುದಕ್ಕೆ ನಮ್ಮ ಮೊಹಲ್ಲಾಗಳಲ್ಲೂ ಉದಾಹರಣೆಗಳಿಗೆ ಬರವಿಲ್ಲ.

ಈ ಜಗಳವನ್ನು ಬಗೆಹರಿಸಿದವಳು ಒಬ್ಬ ಹೆಣ್ಣುಮಗಳು, ಏಕೋಜಿಯ ಹೆಂಡತಿ ದೀಪಾಬಾಯಿ. ಗಂಡನಿಗೆ ಬುದ್ಧಿ ಹೇಳಿ, ಭಾವನೊಂದಿಗೆ ಸಂಧಿಗೆ ಒಪ್ಪಿಸಿದಳು. ಆ ಒಪ್ಪಂದದಲ್ಲಿ ಶಿವಾಜಿ ಬೆಂಗಳೂರು, ಹೊಸಕೋಟೆ, ಸಿರಾ ಸೀಮೆಗಳನ್ನು ತಮ್ಮನಿಗೆ ಕೊಡಲಿಲ್ಲ. ನಾದಿನಿ ದೀಪಾಬಾಯಿಗೆ ಕೊಟ್ಟ. ಕೊಟ್ಟದ್ದು 'ಚೋಳಿ-ಬಾಂಗಡಿ'ಯ ಹೆಸರಿನಲ್ಲಿ, ಅಂದರೆ ಬಳೆ-ಕುಪ್ಪಸದ ಖರ್ಚಿಗೆಂದು. ನಮ್ಮ ದಖನಿ ಉರ್ದುವಿನಲ್ಲೂ ಬಳೆಗೆ ಬಂಗಡಿ ಎಂದೇ ಹೇಳುತ್ತೇವೆ. ಖಾನರ ಸೈನ್ಯ ಕತ್ತಿಯಿಂದ ಕಿತ್ತುಕೊಂಡ ಯಲಹಂಕ ಪ್ರಭುಗಳ ಊರು, ನಲವತ್ತು ವರ್ಷಗಳಾಗುವ ಮೊದಲೇ ಒಬ್ಬ ಸೊಸೆಯ ಕೈಬಳೆಯ ಲೆಕ್ಕಕ್ಕೆ ಸೇರಿತು. ಅಣ್ಣತಮ್ಮಂದಿರ ಮರ್ಯಾದೆ ಎರಡೂ ಕಡೆ ಉಳಿಯಲು ಬೇಕಾಗಿದ್ದ ದಾರಿ ಅದೇ.

ಆ ಬಳೆಯೂ ಬಹಳ ದಿನ ಉಳಿಯಲಿಲ್ಲ. ದೂರದ ತಂಜಾವೂರಿನಿಂದ ಬೆಂಗಳೂರನ್ನು ಕಾಯುವುದು ಕಷ್ಟವೆಂದು ಏಕೋಜಿ ಅದನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಮಾರಲು ಹೊರಟ. ಅಷ್ಟರಲ್ಲಿ, 1687ರ ಜುಲೈಯಲ್ಲಿ, ಮೊಗಲರ ಕಾಸಿಂಖಾನ್ ಊರನ್ನು ಹಿಡಿದುಕೊಂಡ. ಕೊನೆಗೆ ಅದೇ ಮೂರು ಲಕ್ಷಕ್ಕೆ ಒಡೆಯರೇ ಅವನಿಂದ ಬೆಂಗಳೂರನ್ನು ಪಡೆದರು. ನಾಡಪ್ರಭುಗಳು, ಆದಿಲಶಾಹಿ, ಭೋಂಸ್ಲೆಗಳು, ಮೊಗಲರು, ಒಡೆಯರು ಎಂದು ಇಷ್ಟು ಕೈ ದಾಟಿದ ಊರು ಇದು. ಇದು ನಮ್ಮೊಬ್ಬರದೇ ಎಂದು ಯಾರು ಹೇಳಿದರೂ ಮಾತು ಅರ್ಧಕ್ಕೇ ನಿಲ್ಲುತ್ತದೆ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಬಿಜಾಪುರದ ಸುಲ್ತಾನರನ್ನು 'ನಮ್ಮ ಬಾದಶಹರು' ಎಂದು ಎದೆ ಉಬ್ಬಿಸುವವರು ನಮ್ಮಲ್ಲಿದ್ದಾರೆ. ಆ ಬಾದಶಹರು ಅಹ್ಮದ್‌ನಗರದ ಮುಸಲ್ಮಾನರ ಮೇಲೆ ಮೊಗಲರನ್ನು ಕೂಡಿಕೊಂಡು ಯುದ್ಧ ಮಾಡಿದರು. 1686ರಲ್ಲಿ ಅದೇ ಬಿಜಾಪುರವನ್ನು ನುಂಗಿದವನು ಔರಂಗಜೇಬ. ರಾಜರ ಗೆಲುವನ್ನು ನಮ್ಮ ಗೆಲುವೆಂದು ಹೊತ್ತುಕೊಂಡರೆ ಅವರ ಪಾಪವನ್ನೂ ನಾವೇ ಹೊರಬೇಕಾಗುತ್ತದೆ. ಇಷ್ಟು ವರ್ಷ ಅದೇ ಆಗಿದೆ.

ಪೀರರ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಏಕೋಜಿಯ ಮೊಮ್ಮಗ ಪ್ರತಾಪಸಿಂಹ 1739ರಿಂದ 1763ರವರೆಗೆ ತಂಜಾವೂರನ್ನು ಆಳಿದ. ನಾಗೂರಿನಲ್ಲಿ ಷಾಹುಲ್ ಹಮೀದ್ ಅವರ ದರ್ಗಾಕ್ಕೆ ಐದು ಮಿನಾರುಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನು, 131 ಅಡಿಯದನ್ನು, ಕಟ್ಟಿಸಿದವನು ಈ ಪ್ರತಾಪಸಿಂಹ. ಅವನೂ ಮಗನಿಗಾಗಿ ಹರಕೆ ಹೊತ್ತಿದ್ದ ಎಂದು ಅಲ್ಲಿಯವರು ಹೇಳುತ್ತಾರೆ. ಮಾಲೋಜಿಯಿಂದ ಪ್ರತಾಪಸಿಂಹನವರೆಗೆ ಐದು ತಲೆಮಾರು. ಚಾಕರಿ ಬದಲಾಯಿತು, ಊರು ಬದಲಾಯಿತು, ಭಾಷೆಯೂ ಬದಲಾಯಿತು. ಮಕ್ಕಳ ಆಸೆ ಹೊತ್ತು ಪೀರರ ಹೊಸ್ತಿಲಿಗೆ ಬರುವುದು ಮಾತ್ರ ಆ ಮನೆಯವರು ಬಿಡಲಿಲ್ಲ.

ನಮ್ಮ ಮಕ್ಕಳೂ ಈಗ ಅದೇ ಪಾಠ ಓದುತ್ತಿದ್ದಾರೆ, ಅದೇ ಬೆಂಚಿನ ಮೇಲೆ ಕುಳಿತಿದ್ದಾರೆ. ಸಂಜೆ ಮನೆಗೆ ಬಂದು, ಶಿವಾಜಿ ನಮ್ಮ ಶತ್ರುವಾ ಅಬ್ಬಾ ಎಂದು ಅವರು ಕೇಳಿದರೆ ಗದರಿಸಿ ಸುಮ್ಮನಾಗಿಸುವುದು ಬೇಡ. ಒಂದು ಭಾನುವಾರ ಮಲ್ಲೇಶ್ವರದ ಆ ಬಂಡೆಯ ಹತ್ತಿರ ಕರೆದುಕೊಂಡು ಹೋಗೋಣ. ಇದನ್ನು ಬರೆಸಿದವನು ಶಿವಾಜಿಯ ತಮ್ಮ ಎಂದು ಹೇಳೋಣ. ಅವರಿಬ್ಬರ ಅಪ್ಪನ ಹೆಸರೇನು, ಆ ಹೆಸರು ಎಲ್ಲಿಂದ ಬಂತು ಎಂದು ಮಕ್ಕಳನ್ನೇ ಕೇಳೋಣ.