ಪಥ್ಯವೂ ಪಂಕ್ತಿಯೂ: ಉತ್ತರ ಕರೇಲಿಯದ ಪಾಠ

ಮನೆಯಲ್ಲಿ ಒಬ್ಬರಿಗೆ ಹೃದ್ರೋಗದ ಲಕ್ಷಣ ಕಾಣಿಸಿಕೊಂಡೊಡನೆ ವೈದ್ಯರು ಜಿಡ್ಡಿನ ಪದಾರ್ಥಗಳನ್ನು ಕಡಿಮೆ ಮಾಡಲು ಸೂಚಿಸುತ್ತಾರೆ. ಅಂದಿನಿಂದ ಆ ಸದಸ್ಯರಿಗೆ ಬೇರೆ ಪಾತ್ರೆ, ಬೇರೆ ಪಲ್ಯ, ಒಣ ಚಪಾತಿ. ಉಳಿದವರ ಎಲೆಗೆ ಎಂದಿನಂತೆ ತುಪ್ಪ, ಕರಿದ ತಿಂಡಿ. ಇಂತಹ ವ್ಯವಸ್ಥೆ ಬಹುಕಾಲ ಬಾಳುವುದು ವಿರಳ. ಪಥ್ಯವು ರೋಗಿಯೊಬ್ಬರ ಹೊಣೆಯೋ, ಮನೆಯವರೆಲ್ಲರ ಹೊಣೆಯೋ? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಇತಿಹಾಸದಲ್ಲಿ ಸ್ಪಷ್ಟವಾದ ಒಂದು ಉತ್ತರವಿದೆ. ಅದು ದೊರೆತದ್ದು ದೂರದ ಫಿನ್ಲೆಂಡ್ ದೇಶದಲ್ಲಿ.

ಫಿನ್ಲೆಂಡಿನ ಪೂರ್ವದ ಅಂಚಿನಲ್ಲಿ, ರಷ್ಯದ ಗಡಿಗೆ ತಾಗಿಕೊಂಡು, ಉತ್ತರ ಕರೇಲಿಯವೆಂಬ ಕಾಡು ಮತ್ತು ಸರೋವರಗಳ ಪ್ರಾಂತವಿದೆ. ಎರಡನೆಯ ಮಹಾಯುದ್ಧದ ತರುವಾಯ ಯುದ್ಧದಿಂದ ಮರಳಿದವರಿಗೆ ಅಲ್ಲಿ ಸಣ್ಣ ಹಿಡುವಳಿಗಳು ದೊರೆತವು. ಕಾಡು ಕಡಿದು, ಹಸು ಸಾಕಿ ಬದುಕು ಕಟ್ಟಿಕೊಂಡ ಆ ಜನರಿಗೆ ಬೆಣ್ಣೆ ಮತ್ತು ಕೆನೆಹಾಲು ಸಮೃದ್ಧಿಯ ಕುರುಹುಗಳಾದವು. ತರಕಾರಿಯನ್ನು ಪಶುಗಳ ಆಹಾರವೆಂದು ಬಗೆಯುವವರೂ ಇದ್ದರು. 1958ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಅವರು ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಹೃದ್ರೋಗದ ಪ್ರಮಾಣ ಅತ್ಯಧಿಕವಾಗಿ ಕಂಡುಬಂದದ್ದು ಪೂರ್ವ ಫಿನ್ಲೆಂಡಿನಲ್ಲಿಯೇ. ದುಡಿಯುವ ವಯಸ್ಸಿನ ಗಂಡಸರು ಹಠಾತ್ತನೆ ಸಾಯುತ್ತಿದ್ದರು. ಎಳೆಯ ಮಕ್ಕಳೊಡನೆ ವಿಧವೆಯರು ಉಳಿಯುತ್ತಿದ್ದರು.

1971ರ ಜನವರಿಯಲ್ಲಿ ಪ್ರಾಂತದ ರಾಜ್ಯಪಾಲರು, ಜನಪ್ರತಿನಿಧಿಗಳು ಹಾಗೂ ಸಂಘಸಂಸ್ಥೆಗಳು ಕೂಡಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಅದರ ಫಲವಾಗಿ 1972ರಲ್ಲಿ ಯುವ ವೈದ್ಯ ಪೆಕ್ಕಾ ಪುಸ್ಕಾ ಅವರ ನೇತೃತ್ವದಲ್ಲಿ ಉತ್ತರ ಕರೇಲಿಯ ಯೋಜನೆ ಪ್ರಾರಂಭವಾಯಿತು. ಅಂದು ಬ್ರೆಡ್ಡಿಗೆ ಬೆಣ್ಣೆಯನ್ನೇ ಸವರಿಕೊಳ್ಳುತ್ತಿದ್ದವರು ಹತ್ತರಲ್ಲಿ ಸುಮಾರು ಒಂಬತ್ತು ಮಂದಿ.

ಕೇವಲ ಉಪನ್ಯಾಸಗಳಿಂದಲೂ ಕರಪತ್ರಗಳಿಂದಲೂ ಊಟದ ಪದ್ಧತಿ ಬದಲಾಗದೆಂಬುದು ಕಾರ್ಯಕರ್ತರಿಗೆ ಬೇಗನೆ ಮನವರಿಕೆಯಾಯಿತು. ಆಗ ಅವರಿಗೆ ನೆರವಾದದ್ದು 1899ರಲ್ಲಿ ಸ್ಥಾಪಿತವಾದ, ಊರೂರಿನಲ್ಲಿ ಶಾಖೆಗಳಿದ್ದ ಮಾರ್ತಾ ಎಂಬ ಗೃಹಿಣಿಯರ ಸಂಘಟನೆ. ‘ದೀರ್ಘಾಯುಷ್ಯದ ಕೂಟ’ಗಳೆಂಬ ಸಭೆಗಳಲ್ಲಿ ಗೃಹಿಣಿಯರು ಒಟ್ಟಿಗೆ ಅಡುಗೆ ಮಾಡಿ, ಒಟ್ಟಿಗೆ ಉಂಡು, ರುಚಿ ನೋಡಿ ತೀರ್ಮಾನಿಸುತ್ತಿದ್ದರು. ಅಪರಿಚಿತವಾದ ಹೊಸ ಆಹಾರವನ್ನು ಅಲ್ಲಿ ಹೇರಲಿಲ್ಲ. ಅಜ್ಜಿಯರ ಕಾಲದ ಅಡುಗೆಯನ್ನೇ ಉಳಿಸಿಕೊಂಡು, ಅದರೊಳಗಿನ ಮಾಂಸ ಮತ್ತು ಕೊಬ್ಬನ್ನು ತಗ್ಗಿಸಿ, ಆಲೂಗೆಡ್ಡೆ, ಕ್ಯಾರೆಟ್ ಮೊದಲಾದ ತರಕಾರಿಗಳನ್ನು ಹೆಚ್ಚಿಸಿದರು.

ಈ ಯೋಜನೆಯ ಅಂಗವಾಗಿ ನಡೆದ ಒಂದು ಪ್ರಯೋಗ ಗೃಹಸ್ಥರಿಗೆ ವಿಶೇಷವಾಗಿ ಮನನೀಯವಾದುದು. ಅದರ ವರದಿ 1983ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಯೋಗಕ್ಕೆ ಆರಿಸಿಕೊಂಡದ್ದು ಬಿಡಿ ವ್ಯಕ್ತಿಗಳನ್ನಲ್ಲ, 57 ದಂಪತಿಗಳನ್ನು. ಅವರನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನ ಮನೆಗಳಲ್ಲಿ ಆಹಾರದ ಶಕ್ತಿಯಲ್ಲಿ ಕೊಬ್ಬಿನ ಪಾಲನ್ನು ಶೇಕಡಾ 38ರಿಂದ 23ಕ್ಕೆ ಇಳಿಸಿ, ಉಳಿದ ಕೊಬ್ಬಿನ ಬಗೆಯನ್ನೂ ಬದಲಿಸಲಾಯಿತು. ಹನ್ನೆರಡು ವಾರಗಳಲ್ಲಿ ಆ ಗುಂಪಿನವರ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ 138ರಿಂದ 130ರ ಆಸುಪಾಸಿಗೆ ಇಳಿಯಿತು. ಹಳೆಯ ಊಟಕ್ಕೆ ಮರಳಿದಾಗ ಅದು ಮತ್ತೆ ಏರಿತು. ಪತಿಯೂ ಪತ್ನಿಯೂ ಒಂದೇ ಅಡುಗೆ ಉಂಡುದರಿಂದ ಪ್ರಯೋಗ ಸಾಧ್ಯವಾಯಿತು. ಹಳೆಯ ಅಡುಗೆ ಮರಳಿದೊಡನೆ ಫಲವೂ ಮರೆಯಾಯಿತು. ಪಥ್ಯವೆಂಬುದು ಕೆಲವು ದಿನಗಳ ಔಷಧಿಯಲ್ಲ, ಮನೆಯ ಸ್ಥಿರವಾದ ರೂಢಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹೈನುಗಾರಿಕೆಯನ್ನೇ ನಂಬಿದ ನಾಡಿನಲ್ಲಿ ಬೆಣ್ಣೆಯ ಬಳಕೆ ಇಳಿದಾಗ ವಿರೋಧ ಬಂದದ್ದು ಸಹಜ. ಒಬ್ಬರ ಆರೋಗ್ಯಕ್ಕಾಗಿ ಇನ್ನೊಬ್ಬರ ಅನ್ನ ಕಸಿಯಬಾರದೆಂಬ ವಿವೇಕವೂ ಅಲ್ಲಿ ಕಂಡುಬಂದಿತು: 1980ರ ದಶಕದಲ್ಲಿ ಸರ್ಕಾರದ ನೆರವಿನಿಂದ ರೈತರಿಗೆ ಬೆರಿಹಣ್ಣಿನ ಬೇಸಾಯವನ್ನು ಪ್ರೋತ್ಸಾಹಿಸಲಾಯಿತು. ನಾಲ್ಕು ದಶಕಗಳಲ್ಲಿ ಅಲ್ಲಿಯ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಮರಣಪ್ರಮಾಣ ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. ಧೂಮಪಾನದ ಇಳಿಕೆ, ರಕ್ತದೊತ್ತಡದ ಹತೋಟಿ ಮತ್ತು ಉತ್ತಮ ಚಿಕಿತ್ಸೆ ಇದಕ್ಕೆ ಕಾರಣಗಳಾದರೂ ರಕ್ತದಲ್ಲಿನ ಕೊಲೆಸ್ಟೆರಾಲ್ ಇಳಿದುದರ ಪಾಲು ದೊಡ್ಡದು.

ಕರೇಲಿಯದ ಊಟ ಜೈನ ಗೃಹಸ್ಥರ ಊಟವಲ್ಲ. ಆದರೆ ಶಾಕಾಹಾರವೆಂದ ಮಾತ್ರಕ್ಕೆ ಜಿಡ್ಡು ಕಡಿಮೆಯೆಂದು ಭಾವಿಸುವುದು ತಪ್ಪು. ತುಪ್ಪವಾಗಲಿ ಎಣ್ಣೆಯಾಗಲಿ, ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿಗಳಿವೆ. ಅಷ್ಟೇ ತೂಕದ ಪಿಷ್ಟದಲ್ಲಿ 4 ಮಾತ್ರ. ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ನಾಲ್ಕನೆಯದು ರಸಪರಿತ್ಯಾಗ. ತ್ಯಜಿಸಬೇಕಾದ ರಸಗಳಲ್ಲಿ ತುಪ್ಪವೂ ಎಣ್ಣೆಯೂ ಸೇರಿವೆ. ಆದರೆ ಸ್ವಇಚ್ಛೆಯಿಂದ ಬಿಟ್ಟುದು ಮಾತ್ರ ತ್ಯಾಗವೆನಿಸುತ್ತದೆ. ಕಸಿದುಕೊಂಡುದು ತ್ಯಾಗವಲ್ಲ, ಅದು ಮನಸ್ಸಿಗೆ ನೋವು. ರೋಗಿಯ ಎದುರಿಗೆ ಕರಿದ ತಿಂಡಿಯನ್ನಿಟ್ಟು ಆತನಿಗೆ ಮಾತ್ರ ನಿಷೇಧಿಸುವ ಮನೆಯವರು ಅರಿಯದೆ ಈ ನೋವನ್ನೇ ಉಂಟುಮಾಡುತ್ತಾರೆ.

ಮಾಡಬೇಕಾದುದು ಕಷ್ಟಸಾಧ್ಯವೇನಲ್ಲ. ತಿಂಗಳಿಗೆ ಮನೆಗೆ ಬರುವ ಎಣ್ಣೆ–ತುಪ್ಪಗಳನ್ನು ತಲೆಯೆಣಿಕೆಯಿಂದ ಭಾಗಿಸಿ ನೋಡಿದರೆ ಸ್ಥಿತಿ ತಿಳಿಯುತ್ತದೆ. ಒಗ್ಗರಣೆಗೆ ಎಣ್ಣೆಯನ್ನು ಪಾತ್ರೆಯಿಂದ ಸುರಿಯದೆ ಚಮಚದಿಂದ ಅಳೆಯುವುದು, ಕರಿಯುವ ಬದಲು ಹಬೆಯಲ್ಲಿ ಬೇಯಿಸುವುದು, ಹಾಲಿನ ಕೆನೆ ತೆಗೆಯುವುದು, ಇವೆಲ್ಲ ಇಡೀ ಮನೆಗೆ ಒಂದೇ ಅಡುಗೆಯಾಗಿ ನಡೆಯಬಹುದು. ಎಳೆಯ ಮಕ್ಕಳಿಗೆ ಬೆಳವಣಿಗೆಗೆ ಬೇಕಾದ ಜಿಡ್ಡನ್ನು ಅವರ ತಟ್ಟೆಗೇ ಬಡಿಸಿದರಾಯಿತು. ಬಸದಿಗಳ ಟ್ರಸ್ಟುಗಳು ಪರ್ವದಿನಗಳ ಭೋಜನದಲ್ಲಿ ಒಂದೆರಡು ಹಬೆಯ ತಿಂಡಿಗಳನ್ನು ಎಲ್ಲರಿಗೂ ಬಡಿಸಿದರೆ ಪಥ್ಯದವರು ಪಂಕ್ತಿಯಿಂದ ಎದ್ದು ಹೋಗಬೇಕಾಗಿಲ್ಲ. ಕರೇಲಿಯದ ಗೃಹಿಣಿಯರು ತಮ್ಮ ಗಂಡಂದಿರನ್ನು ಉಳಿಸಿಕೊಂಡದ್ದು ಉಪದೇಶದಿಂದಲ್ಲ. ತಾವೂ ಅದೇ ಊಟವನ್ನು ಉಂಡುದರಿಂದ.