ಇನ್ನೂರು ಚೌಕಗಳ ಚರಿತ್ರೆ

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘9999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಅದರ ಕೆಳಗೆ ‘ಬ್ರಿಕ್ ಗೇಮ್’. ಮಾಡಿದವರ ಹೆಸರು ಎಲ್ಲೂ ಇರುತ್ತಿರಲಿಲ್ಲ. ತಿರುಗಿಸಿ ನೋಡಿದರೆ ‘ಮೇಡ್ ಇನ್ ಚೈನಾ’ ಎಂಬಷ್ಟು ಮಾತ್ರ. 1990ರ ದಶಕದಲ್ಲಿ ಕರ್ನಾಟಕದ ಸಣ್ಣ ಊರುಗಳಲ್ಲಿ ಬೆಳೆದ ನನ್ನಂಥವರಿಗೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಎಂದರೆ ಇದೇ. ಜಪಾನಿನ ಗೇಮ್ ಬಾಯ್ ಬಗ್ಗೆ ಪುಸ್ತಕಗಳು ಬಂದಿವೆ. ಟೆಟ್ರಿಸ್ ಆಟದ ಹಕ್ಕಿಗಾಗಿ ನಡೆದ ಜಗಳ 2023ರಲ್ಲಿ ಸಿನಿಮಾ ಆಯಿತು. ನಮ್ಮ ಕೈಯಲ್ಲಿದ್ದ ಯಂತ್ರದ ಕಥೆಯನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಅದನ್ನು ಬಿಚ್ಚಿ, ಒರೆಸಿ, ಬೆಸೆದು ಮತ್ತೆ ನಡೆಯುವಂತೆ ಮಾಡುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ನನಗೆ ಗೊತ್ತಿರುವಷ್ಟನ್ನು ಬರೆಯುವುದು ನನ್ನ ಮೇಲಿರುವ ಋಣ ಎಂದುಕೊಂಡಿದ್ದೇನೆ.

ಕುಮಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪಯ್ಯನ ರಿಪೇರಿ ಅಂಗಡಿ ಇತ್ತು. ಗೋಡೆಯುದ್ದಕ್ಕೂ ರೇಡಿಯೋ, ಟೇಪ್ ರೆಕಾರ್ಡರ್, ಕಪ್ಪುಬಿಳುಪು ಟಿವಿಗಳ ಸಾಲು. 90ರ ದಶಕದ ನಡುವಿನ ಹೊತ್ತಿಗೆ ಅವುಗಳ ಪಕ್ಕ ಒಂದು ಪ್ಲಾಸ್ಟಿಕ್ ಬುಟ್ಟಿಯೂ ಬಂತು. ಅದರ ತುಂಬ ಬ್ರಿಕ್ ಗೇಮ್‌ಗಳು. ಒಂದೊಂದಕ್ಕೂ ರಬ್ಬರ್ ಬ್ಯಾಂಡಿನಲ್ಲಿ ಚೀಟಿ ಸಿಕ್ಕಿಸಿ, ಹುಡುಗನ ಹೆಸರು, ಕೇರಿ, ರೋಗ ಏನೆಂದು ಅಪ್ಪಯ್ಯ ಬರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಆ ಬುಟ್ಟಿಯ ಮುಂದೆ ಕೂತು ಸ್ಕ್ರೂ ಬಿಚ್ಚಿ ಕೊಡುವುದು ನನ್ನ ಕೆಲಸ.

ಈ ಯಂತ್ರದ ವಂಶಾವಳಿಯ ಒಂದು ಕವಲು ಜಪಾನಿನ ಕ್ಯೋಟೋದಲ್ಲಿದೆ. ನಿಂಟೆಂಡೊ 1889ರಲ್ಲಿ ಹುಟ್ಟಿದ್ದು ಹನಾಫುದಾ ಎಂಬ ಹೂವಿನ ಚಿತ್ರದ ಇಸ್ಪೀಟೆಲೆ ಮಾಡುವ ಮನೆಯಾಗಿ. ಗುನ್‌ಪೇ ಯೋಕೊಯಿ 1965ರಲ್ಲಿ ಅಲ್ಲಿ ಸೇರಿದ್ದು ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ. ರಿಪೇರಿಯವರ ಮಗಳಾಗಿ ಈ ಸಂಗತಿ ನನಗೆ ಬಹಳ ಇಷ್ಟ: ಯಂತ್ರ ಕೆಡದಂತೆ ಕಾಯುವ ಮನುಷ್ಯನೇ ಮುಂದೆ ಜಗತ್ತಿನ ಮಕ್ಕಳ ಕೈಗೆ ಹೊಸ ಆಟ ಕೊಟ್ಟ. ಬುಲೆಟ್ ರೈಲಿನಲ್ಲಿ ಬೇಸರಗೊಂಡ ಪ್ರಯಾಣಿಕನೊಬ್ಬ ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತುತ್ತ ಹೊತ್ತು ಕಳೆಯುವುದನ್ನು ಯೋಕೊಯಿ ಕಂಡರಂತೆ. ಅಷ್ಟರಲ್ಲಿ ಶಾರ್ಪ್ ಮತ್ತು ಕ್ಯಾಸಿಯೊ ಕಂಪನಿಗಳ ಪೈಪೋಟಿಯಿಂದ ಕ್ಯಾಲ್ಕ್ಯುಲೇಟರಿನ ಎಲ್‌ಸಿಡಿ ಗಾಜು ಅಗ್ಗವಾಗಿತ್ತು. ಆ ಅಗ್ಗದ ಗಾಜಿನಿಂದ 1980ರಲ್ಲಿ ‘ಗೇಮ್ ಆ್ಯಂಡ್ ವಾಚ್’ ಹುಟ್ಟಿತು. ಹಳತಾಗಿ, ಪಳಗಿ, ಬೆಲೆ ಇಳಿದ ತಂತ್ರವನ್ನು ಯಾರೂ ಎಣಿಸದ ಹೊಸ ಕೆಲಸಕ್ಕೆ ಹಚ್ಚಬೇಕು ಎನ್ನುವುದು ಯೋಕೊಯಿ ಅವರ ಸೂತ್ರವಾಗಿತ್ತು.

ಅದೇ ಸೂತ್ರದ ಮೇಲೆ ಅವರ ತಂಡ ಕಟ್ಟಿದ ಗೇಮ್ ಬಾಯ್ 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂತು. ಬೆಲೆ 12,500 ಯೆನ್. ಬಣ್ಣವಿಲ್ಲದ, ಹಸಿರು ಛಾಯೆಯ ಪರದೆ. ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ. ಅಟಾರಿಯ ಲಿಂಕ್ಸ್, ಸೆಗಾದ ಗೇಮ್ ಗಿಯರ್ ಬಣ್ಣ ತೋರಿಸಿದವು, ಆದರೆ 6 ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿದವು. ಗೇಮ್ ಬಾಯ್ 4 ಸೆಲ್ಲಿನಲ್ಲಿ ದಿನಗಟ್ಟಲೆ ನಡೆಯಿತು, ಗೆದ್ದಿತು. ಮುಂದೆ ಬಂದ ಗೇಮ್ ಬಾಯ್ ಕಲರ್ ಕೂಡ ಸೇರಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು.

ವಂಶಾವಳಿಯ ಇನ್ನೊಂದು ಕವಲು ಮಾಸ್ಕೋದಲ್ಲಿದೆ. ಅಲ್ಲಿನ ವಿಜ್ಞಾನ ಅಕಾಡೆಮಿಯ ಕಂಪ್ಯೂಟಿಂಗ್ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೊವ್ 1984ರಲ್ಲಿ ಎಲೆಕ್ಟ್ರೋನಿಕಾ 60 ಎಂಬ ಯಂತ್ರದಲ್ಲಿ ಟೆಟ್ರಿಸ್ ಬರೆದರು. ಆ ಕಂಪ್ಯೂಟರ್‌ಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಆದ್ದರಿಂದ ಕೀಲಿಮಣೆಯ ಚೌಕ ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿದರು. ನಾಲ್ಕು ಚೌಕಗಳನ್ನು ಒಂದಕ್ಕೊಂದು ತಾಗಿಸಿದರೆ ಆಗುವುದು ಏಳೇ ಬಗೆಯ ತುಂಡು. ಅವನ್ನು ತಿರುಗಿಸಿ, ಸರಿಸಿ, ಸಾಲು ತುಂಬಿಸಬೇಕು. ತುಂಬಿದ ಸಾಲು ಮಾಯವಾಗುತ್ತದೆ. ಆಟ ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಮಾಸ್ಕೋ ದಾಟಿ ಹಂಗೇರಿಗೆ, ಲಂಡನ್ನಿಗೆ, ಅಮೆರಿಕೆಗೆ ಹೋಯಿತು. ಅಮೆರಿಕೆಯಲ್ಲಿ ಗೇಮ್ ಬಾಯ್ ಜೊತೆಗೇ ಟೆಟ್ರಿಸ್ ಕೊಟ್ಟರು. ಹಕ್ಕು ಸೋವಿಯತ್ ಸರ್ಕಾರಿ ಸಂಸ್ಥೆಯ ಕೈಯಲ್ಲಿದ್ದುದರಿಂದ ಪಜಿತ್ನೊವ್ ಅವರಿಗೆ ಗೌರವಧನ ಬರತೊಡಗಿದ್ದು 1996ರಿಂದ ಈಚೆಗೆ.

ಈ ಎರಡೂ ಕವಲು ಕೂಡಿದ ಜಾಗದಲ್ಲಿ ನಮ್ಮ ಬ್ರಿಕ್ ಗೇಮ್ ಹುಟ್ಟಿತು. ಟೆಟ್ರಿಸ್ ಎಂಬ ಹೆಸರು ಹಾಕುವ ಹಕ್ಕು ಅದಕ್ಕಿರಲಿಲ್ಲ, ಆಟ ಮಾತ್ರ ಅದೇ. ಅನೇಕ ಯಂತ್ರಗಳ ಹೊಟ್ಟೆಯಲ್ಲಿ ಇದ್ದದ್ದು ತೈವಾನಿನ ಹೋಲ್ಟೆಕ್ ಕಂಪನಿಯ 4 ಬಿಟ್ ಚಿಪ್. ಪರದೆಯ ಜಾಣತನವನ್ನು ಬಿಡಿಸಿ ಹೇಳಬೇಕು. ಗೇಮ್ ಆ್ಯಂಡ್ ವಾಚ್‌ನ ಗಾಜಿನಲ್ಲಿ ಆಟದ ಬೊಂಬೆಗಳ ಆಕಾರ ಮೊದಲೇ ಕೊರೆದಿರುತ್ತಿತ್ತು. ಆದ್ದರಿಂದ ಆ ಯಂತ್ರದಲ್ಲಿ ಆ ಆಟವಷ್ಟೇ. ಗೇಮ್ ಬಾಯ್ ಪರದೆಯಲ್ಲಿ 23,040 ಚುಕ್ಕಿ, ಏನು ಬೇಕಾದರೂ ಬಿಡಿಸಬಹುದು, ಆದರೆ ಬೆಲೆ ಹೆಚ್ಚು. ಬ್ರಿಕ್ ಗೇಮ್ ನಡುವಿನ ದಾರಿ ಹಿಡಿಯಿತು. ಅಡ್ಡಕ್ಕೆ 10, ಉದ್ದಕ್ಕೆ 20, ಒಟ್ಟು 200 ಚೌಕ. ಎಲ್ಲವೂ ಒಂದೇ ಅಳತೆ. ಆ ಚೌಕಗಳಿಂದಲೇ ಇಟ್ಟಿಗೆ, ಆ ಚೌಕಗಳಿಂದಲೇ ಹಾವು, ಟ್ಯಾಂಕು, ಗೋಡೆ ಒಡೆಯುವ ಚೆಂಡು, ರಸ್ತೆ ದಾಟುವ ಕಪ್ಪೆ. ಏಳು ಚೌಕ ಜೋಡಿಸಿದರೆ ಒಂದು ಕಾರು. ಆಟದ ಬಗೆಗಳು ಬೆರಳೆಣಿಕೆಗೆ ಸ್ವಲ್ಪ ಮೇಲೆ. ಒಂದೊಂದಕ್ಕೂ ವೇಗ ಮತ್ತು ಹಂತಗಳನ್ನು ಬದಲಿಸಿ ಗುಣಿಸಿದ್ದರಿಂದ 9999 ಬಂದಿತ್ತು. ಅಗ್ಗದ ಗಾಜು, ಹಳೆಯ ಚಿಪ್, ಹೊಸ ಉಪಯೋಗ: ಯೋಕೊಯಿ ಅವರ ಸೂತ್ರವನ್ನು ಅವರಿಗಿಂತಲೂ ಕೆಳಗಿನ ಬೆಲೆಗೆ, ಅವರ ಕಂಪನಿ ತಲುಪದ ಊರುಗಳಿಗೆ ಮುಟ್ಟಿಸಿದವರು ಈ ಹೆಸರಿಲ್ಲದ ಕಾರ್ಖಾನೆಯವರು.

ನಮ್ಮ ಕರಾವಳಿಗೆ ಇದು ಬಂದ ದಾರಿಯೂ ಚರಿತ್ರೆಯ ಭಾಗ. 1991ರಲ್ಲಿ ಆರ್ಥಿಕ ನೀತಿ ಬದಲಾದರೂ ಗ್ರಾಹಕ ವಸ್ತುಗಳ ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧ ಪೂರ್ತಿ ತೆರವಾದದ್ದು 2001ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಫಾರಿನ್ ಸಾಮಾನು ಎಂದರೆ ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆ. ನಮ್ಮ ಜಿಲ್ಲೆಯ ಭಟ್ಕಳದವರಿಗೆ ದುಬೈ, ಸೌದಿಗಳ ನಂಟು ಗಟ್ಟಿ. ಭಟ್ಕಳದ ಪೇಟೆಯಲ್ಲಿ ಸೆಂಟು, ಕೊಡೆ, ಟಾರ್ಚುಗಳ ಜೊತೆ ಈ ಆಟಿಕೆಯೂ ಸಿಗುತ್ತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗುವ ಮೊದಲು ಗಲ್ಫಿನಿಂದ ಮುಂಬೈಗೆ ಇಳಿದವರು ರಾತ್ರಿ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದರು. ಅಪ್ಪಯ್ಯನ ಅಂಗಡಿಯ ಎದುರೇ ಆ ಬಸ್ಸು ನಿಲ್ಲುತ್ತಿದ್ದುದರಿಂದ ಯಾರ ಮನೆಗೆ ಏನು ಬಂತೆಂದು ನಮಗೆ ಮೊದಲೇ ಗೊತ್ತಾಗುತ್ತಿತ್ತು. ಮೊದಮೊದಲು ಬಂದ ಬ್ರಿಕ್ ಗೇಮ್‌ಗಳು ಗಲ್ಫಿನವರ ಮನೆಯವು. ಪಾರದರ್ಶಕ ಪ್ಲಾಸ್ಟಿಕ್ಕಿನವು, ಒಳಗಿನ ಬೋರ್ಡು ಹೊರಗೇ ಕಾಣುತ್ತಿತ್ತು. ಕೆಲವೇ ವರ್ಷಗಳಲ್ಲಿ ಶಿರಸಿಯ ಮಾರಿಜಾತ್ರೆಯ ಸಾಲಂಗಡಿಗೂ ಬಂದವು. ಬಳೆ, ಬತ್ತಾಸು, ಪೀಪಿಗಳ ನಡುವೆ ರಾಶಿ ಹಾಕಿದ್ದರು. ಚೌಕಾಸಿ ಮಾಡಿದರೆ ನೂರು ರೂಪಾಯಿಯ ಆಸುಪಾಸಿಗೆ ಕೊಡುತ್ತಿದ್ದರು. ಮಾಸ್ತರರ ಮಗ, ಮೀನು ಮಾರುವವರ ಮಗಳು, ಗದ್ದೆ ಕೆಲಸದವರ ಮಗ ಎಲ್ಲರ ಕೈಗೂ ಒಂದೇ ಯಂತ್ರ ಬಂದದ್ದು ಆಗ.

ಕರಾವಳಿಯಲ್ಲಿ ಅದು ಬೇರೂರಲು ನಮ್ಮ ಮಳೆಗಾಲವೂ ಕಾರಣ. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಬರುವುದು ಯಾವಾಗಲೋ. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಇದ್ದ ಮನೆಯವರೂ ಆಗ ಸುಮ್ಮನೆ ಕೂರಬೇಕು. ಎರಡು ಪೆನ್ಸಿಲ್ ಸೆಲ್ಲಿನ ಬ್ರಿಕ್ ಗೇಮ್‌ಗೆ ಕರೆಂಟಿನ ಹಂಗಿಲ್ಲ. ಪರದೆಗೆ ಒಳಬೆಳಕು ಇಲ್ಲದ್ದರಿಂದ ಹಗಲಾದರೆ ಜಗಲಿಯ ಅಂಚಿಗೆ, ರಾತ್ರಿಯಾದರೆ ಲಾಟೀನಿನ ಹತ್ತಿರಕ್ಕೆ ಸರಿಯಬೇಕಿತ್ತು. ಹೀಗೆ ಮನೆಯ ಮಕ್ಕಳೆಲ್ಲ ಒಂದೇ ದೀಪಕ್ಕೆ ತಲೆ ಕೊಟ್ಟು ಕೂರುತ್ತಿದ್ದೆವು. ಒಬ್ಬರು ಆಡಿದರೆ ನಾಲ್ವರು ಹೇಳಿಕೊಡುವವರು.

ಅದೇ ಮಳೆಗಾಲವೇ ಯಂತ್ರದ ಶತ್ರು ಕೂಡ. ಉಪ್ಪು ಗಾಳಿ, ತೇವ, ಒಳಗೇ ಮರೆತ ಸೆಲ್ಲು. ಸೆಲ್ಲು ಸೋರಿ ಸ್ಪ್ರಿಂಗು ತುಕ್ಕು ಹಿಡಿಯುತ್ತಿತ್ತು. ಅಪ್ಪಯ್ಯ ಬ್ಲೇಡಿನಲ್ಲಿ ತುಕ್ಕು ಕೆರೆದು, ಬೆಸುಗೆ ಹಾಕಿ, “ತಮಾ, ಆಟ ಮುಗದ್ಮೇಲೆ ಸೆಲ್ಲು ತೆಗ್ದಿಡೋ” ಎಂದು ಪ್ರತಿ ಹುಡುಗನಿಗೂ ಹೇಳಿ ಕಳಿಸುತ್ತಿದ್ದರು. ಪರದೆಯಲ್ಲಿ ಒಂದು ಸಾಲು ಕಾಣದಿದ್ದರೆ ಗಾಜಿಗೂ ಬೋರ್ಡಿಗೂ ನಡುವಿನ ರಬ್ಬರ್ ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒತ್ತಿ ಕೂರಿಸಬೇಕು. ಕರೆಂಟು ಹರಿಯುವ ಮತ್ತು ಹರಿಯದ ಪದರಗಳು ಒಂದಾದ ಮೇಲೊಂದು ಇರುವ ಪಟ್ಟಿ ಅದು, ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಡುತ್ತದೆ. ಇಟ್ಟಿಗೆ ತಿರುಗಿಸುವ ದೊಡ್ಡ ಗುಂಡಿ ಎಲ್ಲಕ್ಕಿಂತ ಮೊದಲು ಸವೆಯುತ್ತಿತ್ತು. ಅದರಡಿಯ ಕರಿ ಬಿಲ್ಲೆಯ ಬದಲು ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದವನ್ನು ಸಣ್ಣದಾಗಿ ಕತ್ತರಿಸಿ ಅಂಟಿಸಿದರೆ ಮತ್ತೆ ಒಂದು ವರ್ಷಕ್ಕೆ ಚಿಂತೆಯಿಲ್ಲ. ರಿಪೇರಿಯಾಗದ ಭಾಗ ಒಂದೇ: ಬೋರ್ಡಿನ ನಡುವೆ ಚಿಪ್ಪನ್ನು ಮುಚ್ಚಿದ್ದ ಕರಿ ಅಂಟಿನ ಉಂಡೆ. ಅದು ಹೋಯಿತೆಂದರೆ ಅಪ್ಪಯ್ಯ ಕಾಸು ತೆಗೆದುಕೊಳ್ಳದೆ ಯಂತ್ರವನ್ನು ಹಿಂದಿರುಗಿಸುತ್ತಿದ್ದರು. ಚಿಪ್ಪಿನ ಸಂಖ್ಯೆ, ಮಾಡಿದವರ ಗುರುತು ಎಲ್ಲವೂ ಆ ಉಂಡೆಯ ಕೆಳಗೇ ಉಳಿಯುತ್ತಿತ್ತು.

ಗೇಮ್ ಬಾಯ್‌ನ ಹೆಸರಿನಲ್ಲೇ ಹುಡುಗ ಇದ್ದಾನೆ. ಆದರೆ ನಮ್ಮ ಮನೆಯಲ್ಲಿ ಬ್ರಿಕ್ ಗೇಮ್‌ನ ನಿಜವಾದ ಆಟಗಾರ್ತಿ ಆಯಿ, ಅಂದರೆ ನನ್ನ ಅಮ್ಮ. ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದಿಟ್ಟು, ಹಪ್ಪಳ ಕಾಯುತ್ತ ಅಂಗಳದ ಮೆಟ್ಟಿಲ ಮೇಲೆ ಕೂತರೆ ಅವಳ ಬೆರಳು ನಿಲ್ಲುತ್ತಿರಲಿಲ್ಲ. ಒಂದು ಪಕ್ಕದ ಕಂಬವನ್ನು ಪೂರ್ತಿ ಖಾಲಿ ಬಿಟ್ಟು, ನಾಲ್ಕು ಚೌಕದ ಉದ್ದ ತುಂಡು ಬರುವವರೆಗೆ ತಾಳ್ಮೆಯಿಂದ ಕಾದು, ಒಮ್ಮೆಗೇ ನಾಲ್ಕು ಸಾಲು ಅಳಿಸುವುದು ಅವಳ ವಿದ್ಯೆ. “ಒಂದ್ ಕೋಲು ಬರ್ಲಿ, ಕಡಿಗೆ ಚಾ ಮಾಡ್ತೆ” ಎನ್ನುತ್ತಿದ್ದಳು. ಅಕ್ಕಪಕ್ಕದ ಮನೆಯ ಅತ್ತಿಗೆಯರು, ಅಮ್ಮಮ್ಮಂದಿರು ಹೀಗೆ ಆಡುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಮನೆಗೆಲಸದ ನಡುವೆ ಹೆಂಗಸರಿಗೆ ತಮ್ಮದೇ ಆದ ಹತ್ತು ನಿಮಿಷ ಸಿಕ್ಕಿದ್ದು ಈ ಆಟದಿಂದ. ವಿಡಿಯೋ ಗೇಮ್ ಚರಿತ್ರೆ ಬರೆಯುವವರು ಈ ಮೆಟ್ಟಿಲುಗಳನ್ನು ನೋಡಿಲ್ಲ.

ಯಂತ್ರಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಸೆಲ್ಲು ತೆಗೆದರೆ ಅದುವರೆಗಿನ ಅತಿ ಹೆಚ್ಚು ಅಂಕ ಅಳಿಸಿಹೋಗಿ ಸೊನ್ನೆ. ಆದ್ದರಿಂದ ಆಯಿ ತನ್ನ ಅಂಕವನ್ನು ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖಿನ ಸಮೇತ ಬರೆದಿಡುತ್ತಿದ್ದಳು. ಆ ಪುಸ್ತಕ ನನ್ನ ಹತ್ತಿರ ಈಗಲೂ ಇದೆ. ಒಂದು ಊರಿನಲ್ಲಿ ಒಂದು ಆಟವನ್ನು ಯಾರು, ಯಾವ ಕಾಲದಲ್ಲಿ, ಎಷ್ಟು ಚೆನ್ನಾಗಿ ಆಡಿದರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಯಾವ ಕಂಪನಿಯಲ್ಲೂ ಇರಲಾರದು.

ಬ್ರಿಕ್ ಗೇಮ್ ಕಾಲ ಮುಗಿಸಿದ್ದು ಮೊಬೈಲು. ನೋಕಿಯಾ 1997ರಲ್ಲಿ 6110 ಮಾದರಿಯಲ್ಲಿ ಹಾವಿನ ಆಟ ಕೊಟ್ಟಿತು. 2003ರಲ್ಲಿ ಬಂದ ನೋಕಿಯಾ 1100 ಮುಂದಿನ ವರ್ಷಗಳಲ್ಲಿ ನಮ್ಮ ಕಡೆಯ ಹಳ್ಳಿಹಳ್ಳಿಗೂ ಮುಟ್ಟಿತು. ಮಾತು, ಟಾರ್ಚು, ಆಟ ಮೂರೂ ಒಂದರಲ್ಲೇ. ಅಪ್ಪಯ್ಯನ ಬುಟ್ಟಿಯಲ್ಲಿ ಬ್ರಿಕ್ ಗೇಮ್‌ಗಳ ಜಾಗಕ್ಕೆ ಫೋನುಗಳು ಬಂದವು.

ಹೊರಗಿನವರು ತಮ್ಮ ಆಟಗಳನ್ನು ಜೋಪಾನ ಮಾಡಿದ್ದಾರೆ. ಅಮೆರಿಕೆಯ ರೋಚೆಸ್ಟರ್‌ನಲ್ಲಿರುವ ಆಟಗಳ ವಸ್ತುಸಂಗ್ರಹಾಲಯ 2015ರಲ್ಲಿ ವಿಡಿಯೋ ಗೇಮ್‌ಗಳ ಗೌರವ ಪಟ್ಟಿ ಆರಂಭಿಸಿದಾಗ ಮೊದಲ ವರ್ಷವೇ ಟೆಟ್ರಿಸ್ ಸೇರಿಸಿತು. ನಿಂಟೆಂಡೊ 2024ರ ಅಕ್ಟೋಬರ್‌ನಲ್ಲಿ ಕ್ಯೋಟೋ ಬಳಿಯ ಉಜಿಯಲ್ಲಿ ತನ್ನದೇ ಸಂಗ್ರಹಾಲಯ ತೆರೆಯಿತು. ನಮಗೂ ಈ ಪದ್ಧತಿ ಹೊಸದಲ್ಲ. ಹಂಪಿಯ ಗುಡಿಗಳ ಹಾಸುಗಲ್ಲಿನಲ್ಲಿ ಕೊರೆದ ಆಟದ ಮನೆಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಪಗಡೆ, ಚೌಕಾಬಾರ, ಅಳಿಗುಳಿಮಣೆಗಳನ್ನು ಉಳಿಸಲು ವರ್ಷಗಳಿಂದ ದುಡಿಯುತ್ತಿದೆ. ಆ ಸಾಲಿನಲ್ಲಿ ಈ ಪ್ಲಾಸ್ಟಿಕ್ ಯಂತ್ರಕ್ಕೂ ಜಾಗ ಇರಬೇಕು ಎನ್ನುವುದು ನನ್ನ ವಾದ. ಆ ಯಂತ್ರವನ್ನು ಇಲ್ಲಿ ಯಾರೂ ತಯಾರಿಸಲಿಲ್ಲ ನಿಜ, ಆದರೆ ಆಡಿದವರು, ರಿಪೇರಿ ಮಾಡಿದವರು, ಅಂಕ ಬರೆದಿಟ್ಟವರು ನಾವು. ಒಂದು ವಸ್ತು ಯಾರ ಬದುಕಿನಲ್ಲಿ ಬೆರೆಯಿತೋ ಅವರಿಗೂ ಅದರ ಚರಿತ್ರೆ ಸೇರುತ್ತದೆ.

ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ಟ್ರಂಕಿನಲ್ಲೋ ಬ್ರಿಕ್ ಗೇಮ್ ಇದ್ದರೆ ಗುಜರಿಗೆ ಹಾಕಬೇಡಿ. ಮೊದಲು ಸೆಲ್ಲು ತೆಗೆಯಿರಿ, ಸ್ಪ್ರಿಂಗನ್ನು ಒಣಬಟ್ಟೆಯಲ್ಲಿ ಒರೆಸಿ. ಆಮೇಲೆ ಒಂದು ಹಾಳೆಯಲ್ಲಿ ಯಾವ ಊರಿನಲ್ಲಿ, ಯಾವ ವರ್ಷ, ಎಷ್ಟು ರೂಪಾಯಿಗೆ ಕೊಂಡದ್ದು, ಮನೆಯಲ್ಲಿ ಯಾರು ಚೆನ್ನಾಗಿ ಆಡುತ್ತಿದ್ದರು ಎಂದು ಬರೆದು ಅದರ ಜೊತೆಗಿಡಿ. ತಾಯಿ, ಅತ್ತೆ, ಅಜ್ಜಿಯರನ್ನು ಕೇಳಿಯೇ ಬರೆಯಿರಿ. ಅವರ ಅಂಕ ನಿಮ್ಮದಕ್ಕಿಂತ ಹೆಚ್ಚಿರಬಹುದು.