ಹಳೆಯ ಲೆಕ್ಕಕ್ಕೆ ಹಳೆಯ ಕಂಪೈಲರ್

2024ರ ಮೇ ತಿಂಗಳ ರಜೆಯಲ್ಲಿ ಚನ್ನಗಿರಿಯ ತವರುಮನೆಯ ಅಟ್ಟ ಸ್ವಚ್ಛ ಮಾಡಿಸಿದೆವು. ಅಡಿಕೆ ಬೇಯಿಸುವ ಹಳೆಯ ಹಂಡೆಯ ಹಿಂದೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಬೂಸಲು ಹಿಡಿದ ಎರಡು ಫ್ಲಾಪಿಗಳು, ಅಂಚಿನುದ್ದಕ್ಕೂ ತೂತುಗಳಿದ್ದ ಹನ್ನೊಂದು ಪುಟಗಳ ಮಡಿಕೆ ಕಾಗದ. ಮೇಲೆ ನನ್ನ ತಮ್ಮನ ಕೈಬರಹ: 'ಅವ್ವನ ಲೆಕ್ಕ, 1996'. ತಮ್ಮ ತೀರಿಕೊಂಡು ಹದಿನೈದು ವರ್ಷಗಳಾಗಿದ್ದವು.

ನಾನು ಬಿ.ಎ., ಬಿ.ಎಡ್. ಮಾಡಿ ಇತಿಹಾಸ ಪಾಠ ಹೇಳುವವಳು. ಕಂಪ್ಯೂಟರ್ ನನ್ನ ವಿಷಯವಲ್ಲ. ಆದರೆ ಆ ಕಾಗದ ನೋಡಿದೊಡನೆ ಎದೆ ಭಾರವಾಯಿತು. ಅದಕ್ಕೆ ಕಾರಣವಿದೆ. 1995ರಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರಿನಲ್ಲಿ. ಸಂಬಳದಲ್ಲಿ ಉಳಿಸಿ ತಮ್ಮನಿಗೆ ನಾಲ್ಕು ಸಾವಿರ ರೂಪಾಯಿ ಕಳಿಸಿದೆ. ಅವನು ದಾವಣಗೆರೆಯಲ್ಲಿ ಕಂಪ್ಯೂಟರ್ ಕಲಿತ, ಹೊನ್ನಾಳಿಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಒಂದು ತರಬೇತಿ ಕೇಂದ್ರ ತೆರೆದ. ಅದು ಮೂರು ವರ್ಷ ನಡೆದು ಮುಚ್ಚಿತು. ಅಷ್ಟರಲ್ಲಿ ನಾನು ನ್ಯಾಮತಿಗೆ ವರ್ಗವಾಗಿ ಬಂದಿದ್ದೆ. ಒಂದು ಸಂಜೆ ಅವನು ಮನೆಗೆ ಬಂದಾಗ, "ನನ್ನ ದುಡ್ಡು ಹೊಳೆಗೆ ಹಾಕಿದಂಗಾಯ್ತಲ್ಲೋ" ಎಂದುಬಿಟ್ಟೆ. ಅವನು ಮಾತಾಡದೆ ಚಹಾ ಕುಡಿದು ಎದ್ದುಹೋದ. ಆ ಮಾತನ್ನು ಹಿಂತೆಗೆದುಕೊಳ್ಳುವ ಗಳಿಗೆ ನನಗೆ ಬರಲೇ ಇಲ್ಲ.

ಕಾಗದವನ್ನು ಬಿಡಿಸಿ ನೋಡಿದವಳು ಅವನ ಮಗಳು. ಈಗ ಎಂಜಿನಿಯರಿಂಗ್ ಮುಗಿಸಿದ್ದಾಳೆ. "ಅತ್ತೆ, ಇದು ಅಪ್ಪ ಬರೆದ ಪ್ರೋಗ್ರಾಮು. ಫ್ಲಾಪಿ ಹಾಳಾದರೇನು, ಕಾಗದದಲ್ಲಿ ಪೂರ್ತಿ ಇದೆ. ನೀವು ಓದಿ, ನಾನು ಟೈಪ್ ಮಾಡ್ತೀನಿ" ಎಂದಳು. ಎರಡು ಮಧ್ಯಾಹ್ನ ಕೂತು ಓದಿದೆ. ಅಡಿಕೆ ಸುಲಿಯುವವರ ಕೂಲಿ, ಗೊಬ್ಬರದ ಖರ್ಚು, ಅಂಗಡಿಯ ಬಾಕಿ, ಎಲ್ಲವನ್ನೂ ಕೂಡಿಸಿ ಕಳೆಯುವ ಲೆಕ್ಕ ಅದು. ಅವ್ವನ ನೋಟ್‌ಪುಸ್ತಕವನ್ನು ತಮ್ಮ ಹೊನ್ನಾಳಿಗೆ ಒಯ್ಯುತ್ತಿದ್ದದ್ದು ಇದಕ್ಕೇ ಎಂದು ಆಗ ತಿಳಿಯಿತು. ನಡುನಡುವೆ ಎರಡು ಓರೆಗೆರೆ ಎಳೆದು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದ. 'ಇಲ್ಲಿ ತಪ್ಪಿದರೆ ಅವ್ವ ಬೈತಾಳೆ' ಎಂದು ಒಂದು ಕಡೆ. ಏಳನೆಯ ಪುಟದಲ್ಲಿ: 'ಅಕ್ಕನ ದುಡ್ಡು 4000. ಅಕ್ಕ ಕೇಳಲ್ಲ. ನಾನು ಮರೀಬಾರದು.' ನಾನು ಓದುವುದನ್ನು ನಿಲ್ಲಿಸಿದೆ. ಹುಡುಗಿ ಏನೂ ಕೇಳಲಿಲ್ಲ.

ಟೈಪ್ ಮಾಡಿದ್ದಾಯಿತು, ಆದರೆ ಕಂಪ್ಯೂಟರ್ ಅದನ್ನು ಒಪ್ಪಲಿಲ್ಲ. ಇದಕ್ಕೆ ಹಳೆಯ ಕಂಪೈಲರ್ ಬೇಕು ಎಂದಳು. ಕಂಪೈಲರ್ ಎಂದರೇನೆಂದು ನನಗೆ ತಿಳಿದ ರೀತಿಯಲ್ಲೇ ಹೇಳುತ್ತೇನೆ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅದಕ್ಕೂ ಮುಂಚೆ ಆ ಕಲ್ಲುಗಳು ನಮ್ಮ ಹೊಲಗಳಲ್ಲಿ, ಗುಡಿಗಳ ಮುಂದೆ ಇದ್ದೇ ಇದ್ದವು. ಆದರೆ ಹಳೆಯ ಲಿಪಿ ಬಲ್ಲವರು ಓದಿ ಹೇಳುವ ತನಕ ನಮ್ಮಂಥವರಿಗೆ ಅವು ಬರೀ ಕಲ್ಲು. ಮನುಷ್ಯರು ಬರೆದ ಪ್ರೋಗ್ರಾಮನ್ನು ಓದಿ ಯಂತ್ರಕ್ಕೆ ಅರ್ಥವಾಗುವ ಮಾತಿಗೆ ತಿರುಗಿಸುವ ಅಂಥ ಓದುಗನೇ ಕಂಪೈಲರ್.

ಈ ಕೆಲಸಕ್ಕೆ ದಾರಿ ಹಾಕಿದವರಲ್ಲಿ ಮುಖ್ಯರಾದವರು ಒಬ್ಬ ಹೆಣ್ಣುಮಗಳು, ಅದರಲ್ಲೂ ನನ್ನ ಹಾಗೆ ಪಾಠ ಹೇಳಿದವರು ಎಂದು ತಿಳಿದು ನನಗೆ ಬಹಳ ಸಂತೋಷವಾಯಿತು. ಅಮೆರಿಕದ ಗ್ರೇಸ್ ಹಾಪರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ಯುದ್ಧಕಾಲದಲ್ಲಿ ನೌಕಾಪಡೆ ಸೇರಿದರು. ಕಂಪೈಲರ್‌ಗಳ ಮೊದಮೊದಲ ರೂಪವಾದ 'ಎ-ಝೀರೋ'ವನ್ನು 1952ರಲ್ಲಿ ಮಾಡಿದರು.

ತಮ್ಮ ಬಳಸಿದ್ದು ಬೋರ್ಲೆಂಡ್ ಎಂಬ ಅಮೆರಿಕದ ಕಂಪೆನಿಯ ಟರ್ಬೊ ಸಿ ಪ್ಲಸ್ ಪ್ಲಸ್. ಈ ಕಂಪೆನಿ 1983ರಲ್ಲಿ ಟರ್ಬೊ ಪಾಸ್ಕಲ್ ಅನ್ನು 50 ಡಾಲರಿಗೂ ಕಡಿಮೆ ಬೆಲೆಗೆ ಮಾರಿ ಹೆಸರಾಯಿತು. 1987ರಲ್ಲಿ ಟರ್ಬೊ ಸಿ, 1990ರಲ್ಲಿ ಟರ್ಬೊ ಸಿ ಪ್ಲಸ್ ಪ್ಲಸ್ ಬಂದವು. ಇವೆಲ್ಲ ಕಪ್ಪು ಪರದೆಯ ಡಾಸ್ ಕಾಲದವು. 'ಪರದೆ ಒರೆಸು' ಎನ್ನುವ ಆಜ್ಞೆಯಂಥವು ಟರ್ಬೊದ ಸ್ವಂತ ಪದಗಳು, ಇಂದಿನ ಕಂಪೈಲರ್‌ಗೆ ಅವು ಗೊತ್ತಿಲ್ಲ.

ಅಣ್ಣನ ಮಗನ ಹತ್ತಿರ ಟರ್ಬೊದ 3.0 ಆವೃತ್ತಿಯ ನಕಲು ಸಿ.ಡಿ. ಇತ್ತು. ನಮ್ಮ ದೇಶದ ಎಷ್ಟೋ ಕಾಲೇಜುಗಳಲ್ಲಿ 2010ರ ನಂತರವೂ ಮಕ್ಕಳು ಸಿ ಭಾಷೆ ಕಲಿತದ್ದು ಟರ್ಬೊದಲ್ಲೇ. ಅದರ ನಕಲುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. "ಎಲ್ಲರೂ ಹಂಗೇ ಮಾಡ್ತಾರೆ ಅತ್ತೆ" ಎಂದಳು ಹುಡುಗಿ. ನಕಲು ಹೊಡೀಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳು ನಾನು. ತಮ್ಮನ ಬರಹವನ್ನು ಕದ್ದ ವಸ್ತುವಿನಿಂದ ಓದುವುದು ಮನಸ್ಸಿಗೆ ಬರಲಿಲ್ಲ. ನ್ಯಾಯವಾಗಿ ಸಿಗುವುದನ್ನು ಹುಡುಕು ಎಂದೆ.

ಹುಡುಕಿದರೆ ಸಿಗುತ್ತದೆ ನೋಡಿ. ವ್ಯಾಪಾರದ ಕಾಲ ಮುಗಿದ ಹಳೆಯ ಸರಕನ್ನು ಬೋರ್ಲೆಂಡ್ 2000ದ ಆಸುಪಾಸಿನಲ್ಲಿ ತಾನೇ ಪುಕ್ಕಟೆ ಕೊಟ್ಟಿತ್ತು: ಟರ್ಬೊ ಪಾಸ್ಕಲ್‌ನ ಮೂರು ಹಳೆಯ ಆವೃತ್ತಿಗಳು, ಟರ್ಬೊ ಸಿ 2.01, ಟರ್ಬೊ ಸಿ ಪ್ಲಸ್ ಪ್ಲಸ್ 1.01. ಎಲ್ಲರ ಮನೆಯಲ್ಲಿದ್ದ 3.0 ಆ ಪಟ್ಟಿಯಲ್ಲಿರಲಿಲ್ಲ. ಡಾಸ್‌ಗೂ ದಾರಿಯಿತ್ತು. ಜಿಮ್ ಹಾಲ್ ಎಂಬ ವಿದ್ಯಾರ್ಥಿ 1994ರಲ್ಲಿ ಆರಂಭಿಸಿದ ಫ್ರೀಡಾಸ್ ಒಂದು. ಹೊಸ ಕಂಪ್ಯೂಟರಿನೊಳಗೇ ಹಳೆಯ ಡಾಸ್ ಯಂತ್ರದಂತೆ ನಟಿಸುವ ಡಾಸ್‌ಬಾಕ್ಸ್ ಇನ್ನೊಂದು. ಎರಡಕ್ಕೂ ಕಾಸು ಬೇಡ. ನಾವು ಎರಡನೆಯದನ್ನು ಹಾಕಿಕೊಂಡೆವು.

ಮೊದಲು ಟರ್ಬೊ ಸಿ 2.01ರಲ್ಲಿ ನೋಡಿದೆವು. ಅದು ತಮ್ಮನ ಓರೆಗೆರೆಯ ಟಿಪ್ಪಣಿಗಳ ಹತ್ತಿರವೇ ತಕರಾರು ತೆಗೆಯಿತು. ಆ ಬಗೆಯ ಟಿಪ್ಪಣಿ ಸಿ ಪ್ಲಸ್ ಪ್ಲಸ್‌ನ ಪದ್ಧತಿಯಂತೆ. "ಟಿಪ್ಪಣಿ ಲೆಕ್ಕಕ್ಕೆ ಬರಲ್ಲ ಅತ್ತೆ. ಕಂಪೈಲರ್ ಹೆಂಗಿದ್ರೂ ಅದನ್ನ ಬಿಟ್ಟು ಮುಂದೆ ಹೋಗುತ್ತೆ, ಅದು ಬರೀ ಮನುಷ್ಯರು ಓದೋಕೆ. ಅಳಿಸಿಬಿಡ್ಲಾ?" ಎಂದಳು. ಅಳಿಸಬೇಡ ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತೇನೋ. ಅವಳು ಸುಮ್ಮನೆ ಟರ್ಬೊ ಸಿ ಪ್ಲಸ್ ಪ್ಲಸ್ 1.01 ತಂದು ಹಾಕಿದಳು. ನಾನು ಓದುವಾಗ ಬಿಟ್ಟಿದ್ದ ಎರಡು ಅರ್ಧವಿರಾಮ ಚಿಹ್ನೆಗಳನ್ನು ಅದು ಹಿಡಿದು ತೋರಿಸಿತು. ತಿದ್ದಿದೆವು. ಪ್ರೋಗ್ರಾಮು ಎದ್ದು ಕೂತಿತು.

ಫ್ಲಾಪಿಯ ಅಂಕಿಗಳು ಹೋಗಿದ್ದರಿಂದ ಅಡಿಕೆಯ ಲೆಕ್ಕವೆಲ್ಲ ಸೊನ್ನೆ. ಒಂದು ಸಾಲಿನಲ್ಲಿ ಮಾತ್ರ ಮೊತ್ತ ಬಂತು: 'ಅಕ್ಕನ ಬಾಕಿ: -29500'.

ಇದೇನೆಂದು ಕೇಳಿದೆ. ಹುಡುಗಿ ಏಳನೆಯ ಪುಟ ನೋಡಿ ಬಿಡಿಸಿ ಹೇಳಿದಳು. ನಾಲ್ಕು ಸಾವಿರದಿಂದ ತಿಂಗಳಿಗೆ ನೂರರಂತೆ, 1996ರ ಜೂನ್‌ನಿಂದ ಕಳೆಯುತ್ತ ಹೋಗು ಎಂದು ತಮ್ಮ ಬರೆದಿದ್ದ. ಕಂತನ್ನು ಅವ್ವನ ಕೈಗೆ ಕೊಡುವುದು ಎಂದು ಪಕ್ಕದಲ್ಲಿ ಟಿಪ್ಪಣಿ. ಯಂತ್ರ ಇವತ್ತಿನ ತಾರೀಕು ನೋಡಿತು, 335 ತಿಂಗಳು ಲೆಕ್ಕ ಹಿಡಿಯಿತು, ಕಳೆಯಿತು. ಎಷ್ಟು ಕಂತು ನಿಜವಾಗಿ ಅವ್ವನ ಕೈ ಸೇರಿತೋ ಕೇಳೋಣವೆಂದರೆ ಈಗ ಅವ್ವನೂ ಇಲ್ಲ.

"ಅಪ್ಪ ಒಂದು ತಪ್ಪು ಮಾಡಿದಾರೆ ಅತ್ತೆ. ಬಾಕಿ ತೀರಿದ ಮೇಲೆ ಸೊನ್ನೆಗೆ ನಿಲ್ಲಿಸಬೇಕಿತ್ತು. ಹಿಂಗಾದ್ರೆ ನೀವೇ ಅಪ್ಪಗೆ ಕೊಡಬೇಕು ಅಂತ ಆಗುತ್ತೆ. ಸರಿ ಮಾಡ್ಲಾ?"

"ಬೇಡ ಕಣೇ," ಎಂದೆ. "ಲೆಕ್ಕ ಸರಿಯಾಗೇ ಇದೆ."